ಸಾಮಾನ್ಯರ ಸನ್ಮಾನ

ರಷ್ಯದ ಸಾಮಾನ್ಯ ಜನರನ್ನು ಕಣ್ಣಾರೆ ಕಂಡು ಬರಬೇಕೆಂಬ ಬಯಕೆ ದಕ್ಷಿಣ ಕ್ಯಾಲಿಫೋರ್ನಿಯದ ಒಂದು ಕನ್ನಡ ಸಂಘದ ಅಧ್ಯಕ್ಷರಾದ ಉದಯಶಂಕರರಲ್ಲಿ ಹುಟ್ಟಿದ್ದು ೧೯೯೬ರ ವಸಂತದಲ್ಲಿ. ಸೋವಿಯತ್ ಒಕ್ಕೂಟ ಒಡೆದು ಕೆಲವು ವರ್ಷಗಳಾಗಿದ್ದವು. ಮಾಸ್ಕೋದಿಂದ ದಕ್ಷಿಣಕ್ಕೆ ಊರೂರು ಸುತ್ತುತ್ತಾ ರೈತರ, ಕಾರ್ಮಿಕರ, ಉಪಾಧ್ಯಾಯರ ಮನೆಗಳಲ್ಲಿ ಕುಳಿತು ಮಾತನಾಡಿ, ಅದನ್ನೆಲ್ಲ ಸಂಘದ ದೀಪಾವಳಿ ಸಂಚಿಕೆಯಲ್ಲಿ ಸಚಿತ್ರವಾಗಿ ಪ್ರಕಟಿಸಬೇಕೆಂದು ಅವರು ಯೋಜನೆ ಹಾಕಿದರು. ಆದರೆ ಸಂಘದ ಅರ್ಧದಷ್ಟು ಸದಸ್ಯರ ಗ್ರೀನ್ ಕಾರ್ಡ್ ಅರ್ಜಿಗಳು ಸರ್ಕಾರದ ಮುಂದಿದ್ದವು. ಅರ್ಜಿ ಇತ್ಯರ್ಥವಾಗುವವರೆಗೆ ದೇಶ ಬಿಟ್ಟು ಕದಲಬೇಡಿ ಎಂದು ವಕೀಲರು ಎಚ್ಚರಿಸಿದ್ದರು. ಕಾರ್ಯಕಾರಿ ಸಮಿತಿ ಮುಖ ಬಾಡಿಸಿಕೊಂಡು ಕುಳಿತಿದ್ದಾಗ ಉದಯಶಂಕರರೇ ಪರಿಹಾರ ಸೂಚಿಸಿದರು.

"ರಷ್ಯದವರು ಇಲ್ಲಿಯೇ ರಾಶಿ ಇದ್ದಾರಲ್ಲ ಮಾರಾಯ್ರೆ. ಎರಡು ವ್ಯಾನು ಮಾಡಿ ಹೊರಟರೆ ಆಯ್ತು."

ಹೀಗೆ ಮಾಸ್ಕೋದ ಹೆದ್ದಾರಿಯ ಬದಲು ಸ್ಯಾನ್ ಡಿಯೇಗೋದಿಂದ ಲಾಸ್ ಏಂಜಲಿಸ್‌ವರೆಗಿನ ಫ್ರೀವೇ ನಿಶ್ಚಯವಾಯಿತು. ಪ್ರವಾಸಕ್ಕೆ 'ಸಾಮಾನ್ಯ ರಷ್ಯನ್ನರೊಡನೆ ಎರಡು ದಿನ' ಎಂದು ಹೆಸರಿಟ್ಟರು. ಆ ಹೆಸರನ್ನು ಯಾರೂ ಪ್ರಶ್ನಿಸಲಿಲ್ಲ. ಇನ್ನೊಬ್ಬ ಮನುಷ್ಯನನ್ನು ಸಾಮಾನ್ಯನೆಂದು ಕರೆಯುವವನು ಆ ಮಾತಿನಿಂದಲೇ ತನ್ನನ್ನು ಅದೇ ಪಂಕ್ತಿಯಿಂದ ಎಬ್ಬಿಸಿ ಬೇರೆ ಮಣೆಯ ಮೇಲೆ ಕೂರಿಸಿಕೊಳ್ಳುತ್ತಾನೆ. ಓದಿದವರಿಗೆ ಇದು ತಿಳಿಯದ ವಿಷಯವಲ್ಲ. ತಿಳಿದೂ ಅವರು ಮಣೆಯನ್ನು ಬಿಡಲಿಲ್ಲ, ಅಷ್ಟೆ.

ಸ್ಯಾನ್ ಡಿಯೇಗೋ ಬಳಿಯ ಪೊವೇಯಿಂದ ಹೊರಟ ವ್ಯಾನಿನಲ್ಲಿ ಶ್ರೀಕರ್ ಮತ್ತು ಅವನ ಹೆಂಡತಿ ಶಾಮಲಾ ಇದ್ದರು. ಶ್ರೀಕರ್ ಬೆಂಗಳೂರಿನವನು, ಟೆಲಿಕಾಂ ಇಂಜಿನಿಯರ್. ಶಾಮಲಾ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಹಲವು ವರ್ಷ ದುಡಿದ ವೈದ್ಯೆ. ಅಮೆರಿಕದಲ್ಲಿ ಅವಳ ಪದವಿಗೆ ಮಾನ್ಯತೆ ಸಿಗಬೇಕಾದರೆ ಪರೀಕ್ಷೆಗಳನ್ನು ಮತ್ತೆ ಬರೆಯಬೇಕಾಗಿತ್ತು. ಸದ್ಯಕ್ಕೆ ಅವಳು ಒಂದು ಪ್ರಯೋಗಾಲಯದಲ್ಲಿ ರೋಗಿಗಳ ರಕ್ತ ತೆಗೆಯುವ ಕೆಲಸ ಮಾಡುತ್ತಿದ್ದಳು. ಗಂಡಹೆಂಡಿರ ಗ್ರೀನ್ ಕಾರ್ಡ್ ಸಂದರ್ಶನ ಮುಂದಿನ ತಿಂಗಳಿಗೆ ನಿಗದಿಯಾಗಿತ್ತು. ನೀವು ಎಂದಾದರೂ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದಿರಾ ಎಂದು ಅರ್ಜಿಯಲ್ಲೊಂದು ಪ್ರಶ್ನೆಯಿತ್ತು. ರಷ್ಯನ್ನರ ಜೊತೆ ಫೋಟೋ ತೆಗೆಸಿಕೊಂಡರೆ ತೊಂದರೆಯಾದೀತೇ ಎಂದು ಶ್ರೀಕರ್ ಪ್ರವಾಸಕ್ಕೆ ಮುಂಚೆ ವಕೀಲನಿಗೆ ಫೋನ್ ಮಾಡಿ ಕೇಳಿದ್ದ. ವಕೀಲ ನಕ್ಕುಬಿಟ್ಟಿದ್ದ. ಆ ನಗುವಿನಿಂದಲೂ ಶ್ರೀಕರ್‌ಗೆ ಧೈರ್ಯ ಬಂದಿರಲಿಲ್ಲ.

ಮೊದಲ ಭೇಟಿ ಸ್ಯಾನ್ ಡಿಯೇಗೋ ಪೇಟೆಯ ಒಂದು ಪಾರ್ಕಿಂಗ್ ಲಾಟಿನಲ್ಲಿ ನಡೆಯಿತು. ತನ್ನ ದೇಶದಲ್ಲಿ ಸೇತುವೆಗಳನ್ನು ಕಟ್ಟಿದ್ದ ವೃದ್ಧನೊಬ್ಬ ಅಲ್ಲಿ ಚೀಟಿ ಹರಿಯುತ್ತಿದ್ದ. ನಿಮ್ಮಲ್ಲಿ ಬ್ರೆಡ್ಡಿಗೆ ಕ್ಯೂ ನಿಲ್ಲುತ್ತಿದ್ದುದು ನಿಜವೇ ಎಂದು ಇವರು ಕೇಳುವಾಗ ಹಿಂದೆ ಕಾರುಗಳು ಹಾರ್ನ್ ಹೊಡೆಯುತ್ತಿದ್ದವು. ಆತ ಗೇಟು ಎತ್ತುತ್ತಾ ಇಳಿಸುತ್ತಾ ಹೌದು ಎಂದ. ಉದಯಶಂಕರರು ಅವನ ಸಮವಸ್ತ್ರದ ಮೇಲೆ ಜರಿಯಂಚಿನ ಶಾಲು ಹೊದಿಸಿ, ತಲೆಗೆ ಮೈಸೂರು ಪೇಟವಿಟ್ಟು, ಫೋಟೋ ತೆಗೆಸಿದರು. ವ್ಯಾನು ರಸ್ತೆ ಸೇರುವಷ್ಟರಲ್ಲಿ ಆತ ಶಾಲನ್ನು ಮಡಚಿ ಕುರ್ಚಿಯ ಕೆಳಗೆ ಸೇರಿಸಿದ್ದನ್ನು ಶಾಮಲಾ ಹಿಂದಿನ ಗಾಜಿನಿಂದ ಕಂಡಳು.

ಎರಡನೆಯ ಭೇಟಿ ಲಾಸ್ ಏಂಜಲಿಸ್‌ನ ಪಶ್ಚಿಮ ಭಾಗದ ಒಂದು ಉದ್ಯಾನದಲ್ಲಿ. ಬೆಂಚಿನ ಮೇಲಿದ್ದ ಇಬ್ಬರು ಅಜ್ಜಿಯರು ತಾವು ರಷ್ಯನ್ನರಲ್ಲ, ಒಡೆಸ್ಸಾದ ಯಹೂದಿಗಳು ಎಂದು ಸ್ಪಷ್ಟವಾಗಿ ತಿಳಿಸಿದರು. ಅಷ್ಟರಲ್ಲಿ ಶಾಲುಗಳು ಚೀಲದಿಂದ ಹೊರಬಂದಿದ್ದವು. "ಅದೆಲ್ಲ ಒಂದೇ, ರಷ್ಯನ್ ಅಂತ ಬರೆದರೆ ಆಯ್ತು" ಎಂದು ಉದಯಶಂಕರರು ತೀರ್ಪು ಕೊಟ್ಟರು. ತಮ್ಮನ್ನು ಯಾರಾದರೂ ಮದ್ರಾಸಿ ಎಂದರೆ ಅದೇ ಬಾಯಿ ಭಾಷಾಭಿಮಾನದ ಮೇಲೆ ದೀರ್ಘ ಉಪನ್ಯಾಸ ಕೊಡುತ್ತಿತ್ತೆಂಬುದನ್ನು ಸಂಘದವರೆಲ್ಲ ಬಲ್ಲರು.

ಆ ರಾತ್ರಿ ಎಲ್ಲರೂ ಸೆರಿಟೋಸ್‌ನಲ್ಲಿ ಉದಯಶಂಕರರ ಮನೆಯಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ಲಾಂಗ್ ಬೀಚ್ ಬಂದರಿಗೆ ಹೊರಟರು. ಪ್ರವಾಸದ ಮುಖ್ಯ ಕಾರ್ಯಕ್ರಮ ಅಲ್ಲಿತ್ತು. ವ್ಲಾದಿವೊಸ್ತೋಕಿನ ಒಂದು ಸರಕು ಹಡಗು ಬಂದರಿನ ದೂರದ ಮೂಲೆಯಲ್ಲಿ ತಿಂಗಳುಗಟ್ಟಲೆಯಿಂದ ಸಿಕ್ಕಿಬಿದ್ದಿತ್ತು. ಮಾಲೀಕ ಸಾಲ ತೀರಿಸದೆ ತಲೆಮರೆಸಿಕೊಂಡಿದ್ದ. ನ್ಯಾಯಾಲಯ ಹಡಗನ್ನು ತಡೆಹಿಡಿದಿತ್ತು. ನಾವಿಕರಿಗೆ ಸಂಬಳವಿರಲಿಲ್ಲ. ವೀಸಾ ಇಲ್ಲದ ಕಾರಣ ನೆಲಕ್ಕೆ ಇಳಿಯುವ ಅನುಮತಿಯೂ ಇರಲಿಲ್ಲ. ನಾವಿಕರ ಯೋಗಕ್ಷೇಮ ನೋಡುವ ಒಂದು ಚರ್ಚಿನ ಪಾದ್ರಿ ಈ ಭೇಟಿಗೆ ಏರ್ಪಾಡು ಮಾಡಿದ್ದರು. ಆಲೂಗಡ್ಡೆ, ಈರುಳ್ಳಿ, ಅಕ್ಕಿ, ಜ್ವರದ ಮಾತ್ರೆ ತಂದರೆ ಉಪಕಾರವಾಗುತ್ತದೆ ಎಂದು ಅವರು ಮೊದಲೇ ಹೇಳಿ ಕಳುಹಿಸಿದ್ದರು. ಸಂಘದವರು ಒಂದು ಮೂಟೆ ಅಕ್ಕಿ ತಂದಿದ್ದರು. ವ್ಯಾನಿನ ಉಳಿದ ಜಾಗವನ್ನೆಲ್ಲ ಶಾಲು, ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಮೈಕು ಮತ್ತು ಬ್ಯಾನರು ತುಂಬಿಕೊಂಡಿದ್ದವು. ಪಾದ್ರಿ ಇವರನ್ನು ಹಡಗಿನ ಬಳಿ ಬಿಟ್ಟು, ಪ್ರಾರ್ಥನೆಗೆಂದು ಬೇರೆ ಹಡಗಿಗೆ ಹೋದರು.

ಹಡಗಿನ ಏಣಿಯ ತುದಿಯಲ್ಲಿ ನಿಂತು ಹೆಂಗಸರಿಗೆ ಕೈಕೊಟ್ಟು ಮೇಲೆ ಹತ್ತಿಸಿದವನು ನಿಕೊಲಾಯ್. ಹಡಗಿನ ಹಗ್ಗ, ಲಂಗರು, ಡೆಕ್ಕಿನ ಕೆಲಸಗಾರರ ಮೇಲ್ವಿಚಾರಣೆಯೆಲ್ಲ ಅವನದು. ಐವತ್ತರ ಆಸುಪಾಸಿನ ಎತ್ತರದ ಆಳು. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಉದಯಶಂಕರರ ಪತ್ನಿ ವನಜಾಕ್ಷಿಯ ಭಾರವಾದ ಚೀಲವನ್ನು ಅವನು ಎಡಗೈಯಲ್ಲಿ ಎತ್ತಿಕೊಂಡ. ಬಲಗೈ ಹೊಟ್ಟೆಯ ಬಲಭಾಗವನ್ನು ಬಿಟ್ಟಿರಲಿಲ್ಲ. ಬೆಳಗಿನ ತಣ್ಣನೆಯ ಗಾಳಿಯಲ್ಲೂ ಅವನ ಹಣೆ ಬೆವೆತಿತ್ತು. ಶಾಮಲಾ ಅವನ ಕೈ ಹಿಡಿದು ಹತ್ತುವಾಗ ಆ ಕೈ ಕೆಂಡದಂತೆ ಸುಡುತ್ತಿತ್ತು.

ಕ್ಯಾಪ್ಟನ್ ವಿಕ್ತೋರ್ ನಾವಿಕರನ್ನೆಲ್ಲ ಡೆಕ್ಕಿನ ಮೇಲೆ ಸಾಲಾಗಿ ನಿಲ್ಲಿಸಿದ್ದ. ಅವನಿಗೆ ನಿಧಾನವಾದ ಇಂಗ್ಲಿಷ್ ಬರುತ್ತಿತ್ತು. ಅಡುಗೆಯ ಗಲೀನಾ ಉಳಿದಿದ್ದ ಹಿಟ್ಟಿನಿಂದ ದುಂಡನೆಯ ರೊಟ್ಟಿ ಸುಟ್ಟು, ನಡುವೆ ಉಪ್ಪಿನ ಬಟ್ಟಲಿಟ್ಟು, ಕಸೂತಿಯ ಬಟ್ಟೆಯ ಮೇಲೆ ತಂದಳು. ಅದು ಅವರ ನಾಡಿನಲ್ಲಿ ಅತಿಥಿಯನ್ನು ಬರಮಾಡಿಕೊಳ್ಳುವ ಕ್ರಮ. ಒಂದು ಚೂರು ಮುರಿದು ಉಪ್ಪಿಗೆ ಅದ್ದಿ ತಿನ್ನಬೇಕೆಂದು ಕ್ಯಾಪ್ಟನ್ ವಿವರಿಸಿದ.

"ಮೊಟ್ಟೆ ಹಾಕಿದ್ದಾರಾ ಕೇಳಿ," ಎಂದರು ವನಜಾಕ್ಷಿ. "ಮೀನಿನ ಪಾತ್ರೆಯೋ ಎಂತದೋ. ನನಗೆ ಬೇಡಪ್ಪ."

ತಟ್ಟೆ ಸಾಲಿನ ಉದ್ದಕ್ಕೂ ಹೋಯಿತು. ಒಬ್ಬರು ಕೈಮುಗಿದರು, ಒಬ್ಬರು ಹೊಟ್ಟೆ ಸವರಿಕೊಂಡು ತುಂಬಿದೆಯೆಂದು ನಟಿಸಿದರು, ಒಬ್ಬರು ಅದರ ಫೋಟೋ ತೆಗೆದರು. ಶಾಮಲಾ ಕೂಡ ಮುಂದಿನವರಿಗೆ ದಾಟಿಸಿದಳು. ಅವಳ ದೃಷ್ಟಿ ನಿಕೊಲಾಯ್‌ನ ಮೇಲಿತ್ತು. ಮುರಿಯದ ರೊಟ್ಟಿಯನ್ನು ಗಲೀನಾ ಒಳಗೆ ಕೊಂಡೊಯ್ದಳು. ಸಂಬಳವಿಲ್ಲದ, ನೆಲವಿಲ್ಲದ ಜನರ ಕೊನೆಯ ಹಿಟ್ಟನ್ನು ಹೀಗೆ ತಿರಸ್ಕರಿಸಿದವರೇ ಆಮೇಲೆ ಮೈಕಿನ ಮುಂದೆ ವಿಶ್ವಬಾಂಧವ್ಯದ ಮಾತನಾಡಿದರು. ಶುಚಿ ಎಂಬುದು ನಾಲಿಗೆಗೆ ಮಾತ್ರ ಸೇರಿದ್ದಾದರೆ ಅದಕ್ಕೆ ಶುಚಿಯೆಂಬ ಹೆಸರು ಸಲ್ಲದು.

ಪ್ರಾರ್ಥನೆ ಆಯಿತು. ಸ್ವಾಗತ ಭಾಷಣ ಆಯಿತು. ಬಿಸಿಲು ಏರಿ ಕಬ್ಬಿಣದ ಡೆಕ್ಕು ಕಾಯತೊಡಗಿತು. ಭಾರತ ರಷ್ಯ ಮೈತ್ರಿಯನ್ನು ಕುರಿತ ಉದಯಶಂಕರರ ಮಾತು ಭಿಲಾಯಿಯ ಉಕ್ಕಿನ ಕಾರ್ಖಾನೆಯನ್ನು ತಲುಪಿದಾಗ ಶಾಮಲಾ ಕುರ್ಚಿಯಿಂದೆದ್ದು ಸಾಲಿನ ಹಿಂಬದಿಗೆ ಹೋದಳು. ಅತಿಥಿಗಳಿಗೆ ಮಾತ್ರ ಕುರ್ಚಿಗಳಿದ್ದವು. ಈ ಮನುಷ್ಯನಿಗೆ ಎಂದಿನಿಂದ ನೋವು ಎಂದು ಅವಳು ಕ್ಯಾಪ್ಟನ್‌ನನ್ನು ಮೆಲ್ಲಗೆ ಕೇಳಿದಳು. ಶುಕ್ರವಾರ ಹೊಕ್ಕುಳ ಸುತ್ತ ಶುರುವಾಯಿತು, ನಿನ್ನೆ ಬಲಗಡೆಗೆ ಇಳಿಯಿತು, ತಿಂದದ್ದೆಲ್ಲ ವಾಂತಿಯಾಯಿತು ಎಂದು ಅವನು ಹೇಳಿದ. ಬಂದರಿನಲ್ಲಿ ಹಡಗಿನ ವ್ಯವಹಾರ ನೋಡುವ ಏಜೆಂಟನಿಗೆ ತಿಳಿಸಿದಾಗ, ವೈದ್ಯನನ್ನು ಕಳುಹಿಸಲು ಯಾರು ಹೊಣೆ, ಸೋಮವಾರ ನೋಡೋಣ ಎಂಬ ಉತ್ತರ ಬಂದಿತ್ತಂತೆ.

"ಈಗ ಚಿಂತೆಯಿಲ್ಲ," ಎಂದು ಕ್ಯಾಪ್ಟನ್ ನೆಮ್ಮದಿಯಿಂದ ಹೇಳಿದ. "ಇವತ್ತು ಬೆಳಿಗ್ಗೆ ನೋವು ಒಮ್ಮೆಲೇ ನಿಂತುಹೋಯಿತು."

ಉಬ್ಬಿದ ಅಪೆಂಡಿಕ್ಸ್ ಹೊಟ್ಟೆಯೊಳಗೆ ಒಡೆದಾಗ ರೋಗಿಗೆ ಸ್ವಲ್ಪ ಹೊತ್ತು ಹೀಗೆ ಹಗುರವೆನಿಸುತ್ತದೆ. ಮನೆಯವರು ಗುಣವಾಯಿತೆಂದು ಸಂತೋಷಪಡುತ್ತಾರೆ. ಕೀವು ಆಗ ಒಳಗೆಲ್ಲ ಹರಡುತ್ತಿರುತ್ತದೆ. ಬೆಂಗಳೂರಿನಲ್ಲಿ ಶಾಮಲಾ ಇಂಥವರನ್ನು ಕಂಡಿದ್ದಳು. ಬೇಗ ಬಂದವರು ಬದುಕಿದ್ದರು, ತಡಮಾಡಿದವರು ಸತ್ತಿದ್ದರು. ನಿಕೊಲಾಯ್‌ಗೆ ಆಗಿರುವುದೂ ಅದೇ ಎಂದು ಅವಳಿಗೆ ಆ ಕ್ಷಣದಲ್ಲಿ ನಿಸ್ಸಂದೇಹವಾಗಿ ಗೊತ್ತಾಯಿತು.

ಅವಳು ಮರಳಿ ಬಂದು ಗಂಡನ ಪಕ್ಕದಲ್ಲಿ ಬಗ್ಗಿದಳು.

"ರೀ, ಅವರನ್ನ ಈಗಲೇ ಆಸ್ಪತ್ರೆಗೆ ಸೇರಿಸಬೇಕು. ಅಪೆಂಡಿಕ್ಸ್ ಒಡೆದಿರೋ ಹಾಗಿದೆ."

"ನೀನು ಮುಟ್ಟಿ ನೋಡಿದ್ಯಾ?"

"ಇನ್ನೂ ಇಲ್ಲ."

"ಮುಟ್ಟಬೇಡ. ನಿನಗೆ ಇಲ್ಲಿ ಲೈಸೆನ್ಸ್ ಇಲ್ಲ. ಡಾಕ್ಟರ್ ಅಂತ ಹೇಳ್ಕೊಂಡು ಕೈಹಾಕಿದಳು ಅಂತ ಯಾರಾದ್ರೂ ರಿಪೋರ್ಟ್ ಮಾಡಿದ್ರೆ ಏನು ಗತಿ? ಮುಂದಿನ ತಿಂಗಳು ಇಂಟರ್‌ವ್ಯೂ. ಅದೂ ರಷ್ಯನ್ ಹಡಗಲ್ಲಿ. ನಿಂತಿದಾನಲ್ಲ, ನಗ್ತಾನೂ ಇದಾನೆ."

ಅವಳು ಅಧ್ಯಕ್ಷರ ಬಳಿ ಹೋದಳು. ಭಾಷಣ ಮುಗಿದು ಶಾಲುಗಳ ಸರದಿ ಬಂದಿತ್ತು. ಉದಯಶಂಕರರು ಮೈಕನ್ನು ಅಂಗೈಯಿಂದ ಮುಚ್ಚಿಕೊಂಡು ಅವಳ ಮಾತು ಕೇಳಿದರು. ಅವರು ಕ್ರೂರಿಯಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ನಿಲ್ಲುವವರು, ಹೊಸದಾಗಿ ಬಂದ ಹುಡುಗರಿಗೆ ಮನೆ ಹುಡುಕಿಕೊಡುವವರು. ಆದರೆ ಆರಂಭವಾದ ಸನ್ಮಾನವನ್ನು ನಡುವೆ ನಿಲ್ಲಿಸುವುದು ಅವರ ಕಲ್ಪನೆಯನ್ನೇ ಮೀರಿದ್ದಾಗಿತ್ತು. ನಮ್ಮ ಸಭೆಗಳಲ್ಲಿ ಅಂಥದ್ದು ನಡೆದ ಉದಾಹರಣೆಯೇ ಇಲ್ಲ. ಹಾರ ಹಾಕಿಸಿಕೊಂಡವನು ಮಧ್ಯದಲ್ಲಿ ಎದ್ದುಹೋದರೆ ಅದು ಅವನಿಗೇ ಅವಮಾನವೆಂದು ನಾವು ನಂಬಿದ್ದೇವೆ.

"ಪಾಪ, ಅವನಿಗೂ ಶಾಲು ಆಗ್ಲಿ," ಎಂದರು. "ಬಿಟ್ಟರೆ ಬೇಜಾರು ಮಾಡಿಕೊಳ್ತಾನೆ. ಮತ್ತೆ ವಂದನಾರ್ಪಣೆ ಮಾತ್ರ ಇರುವುದು. ಕೂತುಕೊಳ್ಳಿ ಡಾಕ್ಟ್ರೇ, ಈಗ ಮುಗಿಯಿತು."

ಶಾಮಲಾ ಕುಳಿತಳು.

ಸಜ್ಜನರು ಇಷ್ಟೊಂದು ಸುಲಭವಾಗಿ ಕುಳಿತುಬಿಡದಿದ್ದರೆ ಲೋಕದ ಅನೇಕ ಅನ್ಯಾಯಗಳಿಗೆ ಆಸ್ಪದವೇ ಇರುತ್ತಿರಲಿಲ್ಲ. ಅವಳನ್ನು ಯಾರೂ ಕಟ್ಟಿಹಾಕಿರಲಿಲ್ಲ. ಬಾಯಿಗೆ ಬಟ್ಟೆ ತುರುಕಿರಲಿಲ್ಲ. ಹಿರಿಯರು ಕೂರಲು ಹೇಳಿದರು, ಅವಳು ಕುಳಿತಳು. ವಿದ್ಯೆ ಕಲಿಸಿದವರು ವಿಧೇಯತೆಯನ್ನೂ ಕಲಿಸಿದ್ದರು. ಎರಡೂ ಎದುರುಬದುರಾದಾಗ ಯಾವುದು ಮೇಲೆಂದು ಕಲಿಸಿರಲಿಲ್ಲ.

ನಾವಿಕರನ್ನು ಒಬ್ಬೊಬ್ಬರನ್ನಾಗಿ ಕರೆದು, ಹೆಸರನ್ನು ತಪ್ಪಾಗಿ ಓದಿ, ಪೇಟ ತೊಡಿಸಿ, ಶಾಲು ಹೊದಿಸಿ, ಹಾರ ಹಾಕಿ, ಬುಟ್ಟಿಯನ್ನು ಕೈಗಿತ್ತು, ಫೋಟೋ ಸರಿಯಾಗಿ ಬರಲಿಲ್ಲವೆಂದು ಕೆಲವರನ್ನು ಮತ್ತೆ ನಿಲ್ಲಿಸಿದರು. ನಿಕೊಲಾಯ್‌ನ ಸರದಿ ಬಂದಾಗ ಅವನು ಆಸರೆಗೆ ಹಿಡಿದಿದ್ದ ಡೆಕ್ಕಿನ ಕಂಬಿಯನ್ನು ಬಿಟ್ಟು ನೇರವಾಗಿ ನಡೆದು ಬಂದ. ಬುಟ್ಟಿಯನ್ನು ಎರಡೂ ಕೈಗಳಲ್ಲಿ ಹಿಡಿಯಬೇಕಾಯಿತು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಶಾಲು ಹೊದಿಸಿಕೊಂಡು ತಲೆಬಾಗಿ, ಸಾಲಿಗೆ ಹಿಂತಿರುಗಿ, ವಂದನಾರ್ಪಣೆಯ ಕೊನೆಯ ಹೆಸರಿನವರೆಗೂ ನಿಂತೇ ಇದ್ದ. ಮೈಕು ಒದಗಿಸಿದವರಿಗೂ ಧನ್ಯವಾದ ಸಂದಿತು. ಚಪ್ಪಾಳೆಯ ನಡುವೆ ಅವನು ಮಂಡಿಯೂರಿದ. ಕಿತ್ತಳೆಗಳು ಡೆಕ್ಕಿನ ಮೇಲೆ ಉರುಳಿದವು.

ಶಾಮಲಾ ಓಡಿಹೋಗಿ ಅವನ ಅಂಗಿ ಸರಿಸಿ ಹೊಟ್ಟೆ ಮುಟ್ಟಿದಳು. ಅದು ಮರದ ಹಲಗೆಯಂತೆ ಬಿಗಿದಿತ್ತು. ವ್ಯಾನಿನಲ್ಲಿ ಆಸ್ಪತ್ರೆಗೆ ಸಾಗಿಸೋಣ ಎಂದು ಅವಳು ಹೇಳಿದಾಗ ಶ್ರೀಕರ್ ಕೀಲಿಯನ್ನು ಜೇಬಿಗೆ ಸೇರಿಸಿದ. ನೆಲಕ್ಕೆ ಇಳಿಯುವ ಅನುಮತಿಯಿಲ್ಲದ ಪರದೇಶಿಯನ್ನು ನಮ್ಮ ಗಾಡಿಯಲ್ಲಿ ಗೇಟು ದಾಟಿಸಿದರೆ ಕಳ್ಳಸಾಗಣೆ ಎನ್ನುತ್ತಾರೆ ಎಂದ. ಎರಡನೆಯ ವ್ಯಾನಿನವರು ತಮ್ಮದೂ ಬಾಡಿಗೆಯ ಗಾಡಿ ಎಂದರು. ಕ್ಯಾಪ್ಟನ್ ಇವರೆಲ್ಲರ ಮುಖಗಳನ್ನು ಒಂದಾದ ಮೇಲೊಂದರಂತೆ ನೋಡುತ್ತಿದ್ದ. ಭಾಷೆ ತಿಳಿಯದಿದ್ದರೂ ವಿಷಯ ತಿಳಿಯುತ್ತಿತ್ತು.

ಫೋನ್ ಇದ್ದದ್ದು ಬಂದರಿನ ಗೇಟಿನಲ್ಲಿ. ಶಾಮಲಾ ಸೀರೆಯನ್ನು ಎತ್ತಿಹಿಡಿದುಕೊಂಡು ಕಂಟೇನರುಗಳ ಸಾಲಿನ ನಡುವೆ ಓಡಿದಳು. ಕಾವಲುಗಾರ ಮೊದಲು ಏಜೆಂಟನ ನಂಬರು ತಿರುಗಿಸಿದ. ಭಾನುವಾರ ಯಾರೂ ಎತ್ತಲಿಲ್ಲ. ತಡೆಹಿಡಿದ ಹಡಗಿನ ಆಳಿಗೆ ಏಜೆಂಟನ ಒಪ್ಪಿಗೆಯಿಲ್ಲದೆ ಆಂಬುಲೆನ್ಸ್ ಕರೆಸಿದರೆ ತನ್ನ ನೌಕರಿಗೆ ಕುತ್ತು ಬರುತ್ತದೆಂದೂ, ವೈದ್ಯರು ಯಾರಾದರೂ ಹೇಳಿದರೆ ಅದು ಬೇರೆ ಮಾತೆಂದೂ ಅವನು ವಿವರಿಸಿದ. ಅವಳ ಹಿಂದೆಯೇ ಏದುಸಿರು ಬಿಡುತ್ತಾ ಬಂದಿದ್ದ ಶ್ರೀಕರ್ ಕನ್ನಡದಲ್ಲಿ, "ಶಾಮಲಾ, ಬೇಡ" ಎಂದ.

"ನಾನು ಡಾಕ್ಟರ್," ಎಂದಳು ಅವಳು. "ಕರೆಸಿ."

ಕಾವಲುಗಾರ ಅವಳ ಹೆಸರು ಕೇಳಿ ಬರೆದುಕೊಂಡು ಫೋನ್ ಎತ್ತಿದ. ಆಂಬುಲೆನ್ಸ್ ಬೇಗನೆ ಬಂತು. ಕರೆದರೆ ಬರುವಂಥದ್ದು ಬೆಳಗಿನಿಂದಲೂ ಅಷ್ಟೇ ಹತ್ತಿರದಲ್ಲಿತ್ತು. ಕ್ಯಾಪ್ಟನ್ ಹಡಗು ಬಿಡುವಂತಿರಲಿಲ್ಲ. ಗಲೀನಾಳನ್ನು ಗೇಟು ದಾಟಲು ಬಿಡುವಂತಿರಲಿಲ್ಲ. ಆದ್ದರಿಂದ ಶಾಮಲಾಳೇ ಒಳಗೆ ಹತ್ತಿ ಕುಳಿತಳು. ಊಟ ಆರಿಹೋಗುತ್ತದೆಂದು ವ್ಯಾನುಗಳು ಸೆರಿಟೋಸ್‌ಗೆ ಮರಳಿದವು.

ಶಸ್ತ್ರಚಿಕಿತ್ಸೆಯ ನಂತರ ಹೊರಬಂದ ವೈದ್ಯ, ಬಂಧುಗಳು ಯಾರೆಂದು ವಿಚಾರಿಸಿದ. ಯಾರೂ ಇಲ್ಲ, ತಾನೂ ಶಸ್ತ್ರಚಿಕಿತ್ಸೆಯ ಕೆಲಸ ಮಾಡಿದವಳು ಎಂದು ಅವಳು ಹೇಳಿದಾಗ ಅವನು ಸಹೋದ್ಯೋಗಿಯೊಡನೆ ಮಾತನಾಡುವ ಧಾಟಿಗೆ ಇಳಿದ. ವಿಷ ರಕ್ತಕ್ಕೆ ಸೇರಿದೆ, ಆಶೆ ಕಡಿಮೆ ಎಂದ. ಒಡೆದ ಮೇಲೆ ಮಲಗಿಸಿದ್ದರೇ ಎಂದು ಕೇಳಿದ.

"ಇಲ್ಲ. ಬಿಸಿಲಿನಲ್ಲಿ ನಿಲ್ಲಿಸಿದ್ದೆವು."



ನಿಕೊಲಾಯ್ ಮಂಗಳವಾರ ಮಧ್ಯಾಹ್ನ ತೀರಿಕೊಂಡ. ಅವನಿಗೆ ಮತ್ತೆ ಪ್ರಜ್ಞೆ ಬಂದಿರಲಿಲ್ಲ. ಸುದ್ದಿ ತಿಳಿದ ಉದಯಶಂಕರರು ಫೋನಿನಲ್ಲಿ ಮನಃಪೂರ್ವಕವಾಗಿ ಮರುಗಿದರು. ಆಸ್ಪತ್ರೆಗೆ ಸೇರಿಸಿದ್ದಾದರೂ ನಾವೇ ಅಲ್ಲವೇ, ನಾವು ಹೋಗದಿದ್ದರೆ ಹಡಗಿನಲ್ಲೇ ಸಾಯುತ್ತಿದ್ದ ಎಂದು ಅವಳಿಗೂ ತಮಗೂ ಸಮಾಧಾನ ಹೇಳಿಕೊಂಡರು. ಶ್ರೀಕರ್ ಅದೇ ಮಾತನ್ನು ಊಟದ ಹೊತ್ತಿಗೆ ಮತ್ತೊಮ್ಮೆ ಹೇಳಿದ. ಅವಳು ಕೈತೊಳೆದುಕೊಂಡಳು.

ಬುಧವಾರ ಅವಳು ಕೆಲಸಕ್ಕೆ ರಜೆ ಹಾಕಿ, ಪೊವೇಯಿಂದ ಒಬ್ಬಳೇ ಕಾರು ಓಡಿಸಿಕೊಂಡು ಲಾಂಗ್ ಬೀಚ್‌ಗೆ ಬಂದಳು. ಫ್ರೀವೇಯಲ್ಲಿ ಅಷ್ಟು ದೂರ ಅವಳು ಹಿಂದೆಂದೂ ಒಬ್ಬಳೇ ಓಡಿಸಿರಲಿಲ್ಲ. ಸಮುದ್ರದ ಕಡೆಯಿಂದ ಬೂದುಬಣ್ಣದ ಮಂಜು ರಸ್ತೆಯನ್ನು ಆವರಿಸಿತ್ತು. ಪಾದ್ರಿ ಅವಳನ್ನು ಹಡಗಿಗೆ ಕರೆದೊಯ್ದರು. ಸಾವಿನ ಸುದ್ದಿಯನ್ನು ಅವರು ಆಗಲೇ ತಲುಪಿಸಿದ್ದರು. ಡೆಕ್ಕಿನ ಮೇಲೆ ಯಾರೂ ಇರಲಿಲ್ಲ. ಕ್ಯಾಪ್ಟನ್ ತನ್ನ ಕೋಣೆಯಲ್ಲಿ ಕುಳಿತಿದ್ದ, ಕ್ಷೌರವಾಗಿರಲಿಲ್ಲ. ಕುಳಿತುಕೊಳ್ಳಿ ಎಂದು ಕುರ್ಚಿ ತೋರಿಸಿದ. ಅವಳು ನಿಂತೇ ಮಾತನಾಡಿದಳು.

"ನಿಮಗೊಂದು ವಿಷಯ ಹೇಳಬೇಕು. ನೋವು ಒಮ್ಮೆಲೇ ನಿಂತಿತು ಅಂತ ನೀವು ಹೇಳಿದಿರಲ್ಲ, ಆಗಲೇ ನನಗೆ ಗೊತ್ತಾಯಿತು. ಶಾಲು ಹಾಕೋದಕ್ಕೆ ಮುಂಚೆಯೇ ಗೊತ್ತಿತ್ತು. ಹೋಗಿ ಕೂತೆ."

ಕ್ಯಾಪ್ಟನ್ ಇಂಗ್ಲಿಷಿನ ಪದಗಳನ್ನು ಹುಡುಕಿ ಹುಡುಕಿ ಜೋಡಿಸಿದ.

"ಅವನು ಮಲಗಿದ್ದ. ನಾನೇ ಎಬ್ಬಿಸಿದೆ. ಅತಿಥಿಗಳು ಬರುತ್ತಿದ್ದಾರೆ, ಪಾದ್ರಿಯನ್ನು ಬಿಟ್ಟರೆ ಇಷ್ಟು ತಿಂಗಳಲ್ಲಿ ನಮ್ಮನ್ನು ನೋಡಲು ಬಂದವರು ಇವರಷ್ಟೇ, ಎಲ್ಲರೂ ಸಾಲಿನಲ್ಲಿರಬೇಕು ಎಂದೆ. ಅಂಗಿಗೆ ಇಸ್ತ್ರಿ ಮಾಡು ಎಂದೂ ನಾನೇ ಹೇಳಿದ್ದು."

ಇವರಿಗೆ ಸನ್ಮಾನ ಮಾಡುವ ಧರ್ಮ. ಅವರಿಗೆ ಅತಿಥಿಯನ್ನು ನೋಯಿಸದಿರುವ ಧರ್ಮ. ಎರಡು ಧರ್ಮಗಳ ನಡುವೆ ಒಬ್ಬ ಮನುಷ್ಯ ನಿಂತೇ ಸತ್ತಿದ್ದ. ಕ್ಯಾಪ್ಟನ್ ಅವಳನ್ನು ಸಂತೈಸಲಿಲ್ಲ. ಅವಳೂ ಅವನನ್ನು ಸಂತೈಸಲಿಲ್ಲ. ತಪ್ಪನ್ನು ಇಬ್ಬರು ಹೊತ್ತರೆ ಅದು ಅರ್ಧವಾಗುತ್ತದೆಂದು ನಂಬುವಷ್ಟು ಅಪ್ರಾಮಾಣಿಕರು ಅವರಿಬ್ಬರೂ ಆಗಿರಲಿಲ್ಲ.

ಪಾದ್ರಿಯ ಕಚೇರಿಯಿಂದ ಸಂಜೆ ವ್ಲಾದಿವೊಸ್ತೋಕಿಗೆ ಫೋನ್ ಮಾಡಲು ಆ ದಿನದ ಮಟ್ಟಿಗೆ ನೆಲಕ್ಕೆ ಇಳಿಯುವ ಅನುಮತಿ ಸಿಕ್ಕಿದೆ, ನಿಕೊಲಾಯ್‌ನ ಹೆಂಡತಿಯೊಡನೆ ತಾನೇ ಮಾತನಾಡಬೇಕು ಎಂದು ಕ್ಯಾಪ್ಟನ್ ತಿಳಿಸಿದ. ಹಠಾತ್ತನೆ ಆಯಿತು, ಯಾರೂ ಏನೂ ಮಾಡುವಂತಿರಲಿಲ್ಲ ಎಂದು ಹೇಳಲೇ ಎಂದು ಕೇಳಿದ. ಆ ಪ್ರಶ್ನೆಯಲ್ಲಿ ಒಂದು ಬೇಡಿಕೆಯಿತ್ತು. ಹೌದು ಎಂದಿದ್ದರೆ ಅವನಿಗೂ ಬಿಡುಗಡೆ, ಅವಳಿಗೂ ಬಿಡುಗಡೆ.

"ಹಾಗೆ ಹೇಳಬೇಡಿ," ಎಂದಳು ಶಾಮಲಾ. "ಸಮಯ ಇತ್ತು ಅಂತ ಹೇಳಿ. ಪಕ್ಕದಲ್ಲೇ ಒಬ್ಬಳು ಡಾಕ್ಟರ್ ಇದ್ದಳು, ಅವಳಿಗೆ ಗೊತ್ತಿತ್ತು, ಸುಮ್ಮನಿದ್ದಳು ಅಂತ ಹೇಳಿ. ನನ್ನ ಹೆಸರನ್ನೂ ಹೇಳಿ."

ಅವನು ಹೆಸರು ಕೇಳಿದ. ಅವಳು ಹೇಳಿದಳು. ಅವನ ನಾಲಿಗೆಗೆ ಅದು ಸರಿಯಾಗಿ ಹೊರಳಲಿಲ್ಲ. ಅವಳು ಬಾಗಿಲಿನ ಬಳಿ ನಿಂತು, ತರಗತಿಯಲ್ಲಿ ಮಗುವಿಗೆ ಹೇಳಿಕೊಡುವಂತೆ, ಒಂದೊಂದೇ ಅಕ್ಷರವಾಗಿ ಮತ್ತೆ ಹೇಳಿಕೊಟ್ಟಳು. ಅವನಿಗೆ ತಪ್ಪಿಲ್ಲದೆ ಬರುವವರೆಗೂ ಹೇಳಿಕೊಟ್ಟಳು.